'ಸ್ಯಾಡಿಸ್ಟ್' ಅನ್ನಬೇಡಿ, ಲೆಕ್ಕ ಬರೆಯಿರಿ

ತಪ್ಪೊಪ್ಪಿಗೆಯಿಂದಲೇ ಶುರು ಮಾಡುತ್ತೇನೆ ಗೆಳತಿಯರೇ. ಎರಡು ವರ್ಷದ ಹಿಂದೆ ಚನ್ನಪಟ್ಟಣ ತಾಲ್ಲೂಕಿನ ಒಂದು ಹಳ್ಳಿಯ ಹೆಣ್ಣುಮಗಳು ಮೈಮೇಲೆ ಬಾಸುಂಡೆ ಹೊತ್ತು ನಮ್ಮ ಸಂಘದ ಸಭೆಗೆ ಬಂದಳು. ಹೆಸರು ಬೇಡ. ರಾಮನಗರದ ಫಿಲೇಚರೊಂದರಲ್ಲಿ ಬಿಸಿನೀರಿಗೆ ಕೈ ಹಾಕಿ ರೇಷ್ಮೆಗೂಡಿನ ಎಳೆ ತೆಗೆಯುವ ಕೆಲಸ ಅವಳದು. ಬೆರಳ ತುದಿಗಳೆಲ್ಲ ಬಿಳಿಚಿ ಸುಕ್ಕುಗಟ್ಟಿದ್ದವು. ಪೊಲೀಸ್ ಠಾಣೆಗೆ ಅರ್ಜಿ ಬರೆದುಕೊಡಬೇಕಿತ್ತು. ಸಂಘದಲ್ಲಿ ನಾಲ್ಕಕ್ಷರ ಹೆಚ್ಚು ಓದಿದವಳು ಎಂದು ಪೆನ್ನು ನನ್ನ ಕೈಗೆ ಬಂತು. ಅವಳು ಹೇಳುತ್ತಾ ಹೋದಳು. ಮದುವೆಗೆ ಕೊಟ್ಟ ಚಿನ್ನ, ಆಮೇಲೆ ಕೇಳಿದ ಬೈಕು, ಬೈಕಾದ ಮೇಲೆ ಸೈಟಿಗೆ ಮುಂಗಡ, ತವರಿನವರು ರಾಗಿ ಮಾರಿ ಕೊಟ್ಟ ಕಂತು, ಕಂತು ತಪ್ಪಿದ ತಿಂಗಳು ಬಿದ್ದ ಏಟು. "ಅವ್ನು ಸುಮ್‌ಸುಮ್ನೆ ಹೊಡಿಯಲ್ಲ ಕಣಕ್ಕ, ಲೆಕ್ಕ ಹಾಕ್ಕಂಡು ಹೊಡೀತಾನೆ" ಅಂದಳು. ನಾನು ಕೇಳಿಸಿಕೊಂಡೆ, ಬರೆದದ್ದು ಮಾತ್ರ ಬೇರೆ. ಅರ್ಧ ಪುಟದ ಅರ್ಜಿಯಲ್ಲಿ, ಮೂರನೆಯ ಸಾಲಿನಲ್ಲಿ, ಬಲು ಬಿಗಿಯಾಗಿ ಬರೆದೆನೆಂದು ಹೆಮ್ಮೆಪಟ್ಟುಕೊಂಡು, "ನನ್ನ ಗಂಡ ಒಬ್ಬ ಸ್ಯಾಡಿಸ್ಟ್, ನನ್ನನ್ನು ಹಿಂಸಿಸಿ ಆನಂದಪಡುತ್ತಾನೆ" ಎಂದು ಬರೆದೆ.

ಠಾಣೆಯಲ್ಲಿ ಸಾಹೇಬರು ಅರ್ಜಿಯನ್ನು ಎರಡು ಸಲ ಓದಿದರು. ಮಗ್ಗುಲಲ್ಲಿದ್ದ ರೈಟರ್ ಕಡೆ ನೋಡಿ ನಕ್ಕರು. "ಮೇಡಂ, ಇದು ಮಾನಸಿಕ ಕಾಯಿಲೆ ಅಂತ ನೀವೇ ಬರ್ದಿದ್ದೀರಲ್ಲ. ನಿಮ್ಹಾನ್ಸ್‌ಗೆ ಕರ್ಕೊಂಡು ಹೋಗಿ ತೋರಿಸಿ. ಕೇಸ್ ಹಾಕಿ ಏನ್ಮಾಡ್ತೀರಿ?" ಅಂದರು. ಗಂಡನನ್ನು ಕರೆಸಿದರು, ಬುದ್ಧಿ ಹೇಳಿದರು, ಹಿಂಬರಹ ಕೊಟ್ಟು ಕಳಿಸಿದರು. ಅತ್ತೆಗಂತೂ ಆ ಒಂದು ಪದ ಸ್ವರ್ಗ ಸಿಕ್ಕಿದ ಹಾಗಾಯಿತು. ಮನೆಗೆ ಬಂದವರಿಗೆಲ್ಲ "ನಮ್ ಹುಡುಗನ್ಗೆ ತಲೆ ಒಂಚೂರು ಹಂಗೇ ಕಣ್ರವ್ವ. ಕಟ್ಕಂಡೋಳು ಅನುಸರಿಸ್ಕಂಡು ಹೋಗ್ಬೇಕು" ಎಂದು ಹೇಳತೊಡಗಿದಳು. ಚಿನ್ನ, ಬೈಕು, ಸೈಟಿನ ಮುಂಗಡ ಎಲ್ಲವೂ ಕಾಗದದಿಂದ ಮಾಯ. ಉಳಿದದ್ದು ಒಬ್ಬ ರೋಗಿ, ಅವನ ಆರೈಕೆಗೆ ಒಬ್ಬ ಹೆಂಡತಿ. ವರದಕ್ಷಿಣೆಯ ಕೇಸನ್ನು ಮುಚ್ಚಿಹಾಕಿದ್ದು ಪೊಲೀಸರಲ್ಲ. ಮೊದಲು ಮುಚ್ಚಿದವಳು ನಾನು, ನನ್ನ ಇಂಗ್ಲಿಷ್ ಪದ.

ಈ ಪದದ ಬೆನ್ನು ಹತ್ತಲು ಕಾರಣವಾದವಳು ಮಾಗಡಿ ಕಡೆಯ ಒಬ್ಬ ಅಜ್ಜಿ. ಅಲ್ಲಿನ ಸಭೆಯೊಂದರಲ್ಲಿ ಈ ಕತೆ ಹೇಳುತ್ತಿದ್ದೆ. ಹಿಂದೆ ಕೂತಿದ್ದ ಅವಳು ಎಲೆಅಡಿಕೆ ಪಕ್ಕಕ್ಕೆ ಸರಿಸಿ, "ಸ್ಯಾಡಿಸ್ಟು ಸ್ಯಾಡಿಸ್ಟು ಅಂತೀಯಲ್ಲ, ಅವ್ನು ಯಾವ ಊರೋನವ್ವ?" ಎಂದು ಕೇಳಿದಳು. ಎಲ್ಲರೂ ನಕ್ಕರು. ನಾನೂ ನಕ್ಕೆ. ಮನೆಗೆ ಬಂದು ನಿಘಂಟು ತೆಗೆದಾಗ ನಗು ನಿಂತಿತು. ಅಜ್ಜಿ ಸರಿಯಾಗಿಯೇ ಕೇಳಿದ್ದಳು. ಅವನಿಗೆ ಊರಿತ್ತು, ಮನೆತನವಿತ್ತು. 'ಸ್ಯಾಡಿಸ್ಟಿಕ್' ಎಂಬ ಇಂಗ್ಲಿಷ್ ವಿಶೇಷಣ ಹುಟ್ಟಿದ್ದೇ ಒಬ್ಬ ಗಂಡಸಿನ ಮನೆತನದ ಹೆಸರಿನಿಂದ.

ಹೆಸರಿನಿಂದ ಪದ ಹುಟ್ಟುವುದು ನಮಗೇನೂ ಹೊಸದಲ್ಲ. ನಮ್ಮ ರಾಮನಗರವನ್ನೇ ನೋಡಿ. ಟಿಪ್ಪುವಿನ ಕಾಲದಲ್ಲಿ ಶಂಸೇರಾಬಾದ್. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಮೈಸೂರಿಗೆ ಬಂದ ಬ್ರಿಟಿಷ್ ರೆಸಿಡೆಂಟ್ ಬ್ಯಾರಿ ಕ್ಲೋಸ್‌ನ ಹೆಸರಿನಲ್ಲಿ ಕ್ಲೋಸ್‌ಪೇಟೆ. ಸ್ವಾತಂತ್ರ್ಯ ಬಂದ ಮೇಲೆ ರಾಮನಗರ. 2007ರಲ್ಲಿ ಜಿಲ್ಲೆಯಾಯಿತು. 2025ರಲ್ಲಿ ಆ ಜಿಲ್ಲೆಯನ್ನು ಬೆಂಗಳೂರು ದಕ್ಷಿಣ ಎಂದು ಕರೆಯಲು ಸರ್ಕಾರ ತೀರ್ಮಾನಿಸಿತು. ಊರಿನ ಬೋರ್ಡು ಎಷ್ಟು ಸಲ ಬದಲಾದರೂ ಬಂಡೆಯ ಹೆಸರು ಬದಲಾಗಿಲ್ಲ. ಸುಮಾರು 250 ಕೋಟಿ ವರ್ಷ ಹಳೆಯದಾದ ನಮ್ಮ ಕಲ್ಲನ್ನು ಭೂವಿಜ್ಞಾನಿಗಳು ಇವತ್ತಿಗೂ 'ಕ್ಲೋಸ್‌ಪೇಟ್ ಗ್ರಾನೈಟ್' ಎಂದೇ ಕರೆಯುತ್ತಾರೆ. ಈ ಕಲ್ಲು ಒಡೆದು ಜಲ್ಲಿ ಮಾಡಿದ ಹೆಂಗಸರ ಹೆಸರು ಯಾವ ಭೂಪಟದಲ್ಲಿದೆ? ನಮ್ಮ ಹೆಸರಂತೂ ಮದುವೆಯ ದಿನವೇ ಅರ್ಧ ಅಳಿಸಿಹೋಗುತ್ತದೆ. ಮುಂದಿದ್ದ ಅಪ್ಪನ ಇನಿಷಿಯಲ್ ಹೋಗಿ ಹಿಂದೆ ಗಂಡನ ಹೆಸರು ಬರುತ್ತದೆ. ಗಂಡಸಿನ ಹೆಸರು ಮಾತ್ರ ಕಲ್ಲಿಗೂ ಅಂಟುತ್ತದೆ, ರೋಗಕ್ಕೂ ಅಂಟುತ್ತದೆ.

ಈಗ ಆ ಇನ್ನೊಬ್ಬನ ಕತೆಗೆ ಬರುತ್ತೇನೆ. ಅವನು ಫ್ರಾನ್ಸ್ ದೇಶದ ದೊಡ್ಡ ಜಮೀನ್ದಾರಿ ಮನೆತನದವನು, ಮಾರ್ಕಿ ದ ಸಾದ್. ಮಾರ್ಕಿ ಅಂದರೆ ನಮ್ಮ ಕಡೆ ಜಹಗೀರುದಾರ ಅನ್ನುತ್ತಾರಲ್ಲ, ಹಾಗೆ ಒಂದು ಪದವಿ. ಸಾದ್ ಅನ್ನುವುದು ಮನೆತನದ ಹೆಸರು. ಹುಟ್ಟಿದ್ದು 1740ರಲ್ಲಿ, ಸತ್ತದ್ದು 1814ರಲ್ಲಿ. ಹಿಂಸೆಯಿಂದಲೇ ಸುಖ ಎಂದು ತೋರಿಸುವ ಕಾದಂಬರಿಗಳನ್ನು ಬರೆದವನು ಎಂದು ಓದಿದವರೆಲ್ಲ ಹೇಳುತ್ತಾರೆ. ಅವನ ಮದುವೆಯ ಬಗ್ಗೆ ಹೇಳುವವರು ಕಡಿಮೆ. ಅಲ್ಲಿಯೇ ನಮ್ಮ ಕತೆ ಇರುವುದು.

ಸಾದ್ ಮನೆತನಕ್ಕೆ ವಂಶದ ಹೆಮ್ಮೆ ಬೇಕಾದಷ್ಟಿತ್ತು, ಕೈಯಲ್ಲಿ ಕಾಸಿರಲಿಲ್ಲ. ಅಪ್ಪ ಸಾಲದಲ್ಲಿ ಮುಳುಗಿದ್ದ. ಮಗನಿಗೆ ದುಡ್ಡಿರುವ ಮನೆಯ ಹೆಣ್ಣು ಹುಡುಕುತ್ತಾ ಹೊರಟ. ಸಿಕ್ಕಿದ್ದು ಪ್ಯಾರಿಸ್ಸಿನ ಮೊಂತ್ರಯ್ ಎಂಬ ಮನೆ. ಅವರದು ಹೊಸದಾಗಿ ಮೇಲೆ ಬಂದ ಕುಟುಂಬ, ಕೈತುಂಬ ಹಣ, ದೊಡ್ಡ ವಂಶದ ನಂಟಿಗೆ ಆಸೆ. 1763ರ ಮೇ ತಿಂಗಳಲ್ಲಿ ಅವರ ಹಿರಿಯ ಮಗಳು ರೆನೆ ಪೆಲಾಜಿಯನ್ನು ಕೊಟ್ಟು ಮದುವೆ ಮಾಡಿದರು. ಗಂಡಿನ ಕಡೆಯವರಿಗೆ ವಂಶ, ಹೆಣ್ಣಿನ ಕಡೆಯವರಿಂದ ವರದಕ್ಷಿಣೆ. ಕನಕಪುರದ ಕಲ್ಯಾಣ ಮಂಟಪದಲ್ಲಿ ನಡೆಯುವ ಮಾತುಕತೆಗೂ ಇದಕ್ಕೂ ಏನು ವ್ಯತ್ಯಾಸ ಹೇಳಿ! ಇಲ್ಲಿ ವಂಶದ ಜಾಗದಲ್ಲಿ ಸರ್ಕಾರಿ ಕೆಲಸ ಇರುತ್ತದೆ, ಇಲ್ಲವೇ ಬೆಂಗಳೂರಿನ ಹತ್ತಿರದ ಎರಡು ಎಕರೆ ಇರುತ್ತದೆ. ಅಷ್ಟೇ.

ಮದುವೆಯಾದ ಐದೇ ತಿಂಗಳಿಗೆ ಅವನು ಜೈಲು ಸೇರಿದ. ಬೀಸಣಿಗೆ ಮಾಡಿ ಬದುಕುತ್ತಿದ್ದ ಒಬ್ಬ ಬಡ ಹುಡುಗಿಯನ್ನು ರಾತ್ರಿಯೆಲ್ಲ ಕೂಡಿಹಾಕಿ ಹೆದರಿಸಿ ಹಿಂಸಿಸಿದ್ದಕ್ಕೆ. ಕೆಲವೇ ದಿನಗಳಲ್ಲಿ ಬಿಡುಗಡೆ. 1768ರಲ್ಲಿ ಇನ್ನೊಂದು. ಇದನ್ನು ಸ್ವಲ್ಪ ನಿಧಾನವಾಗಿ ಹೇಳುತ್ತೇನೆ, ಯಾಕೆಂದರೆ ಆ ಹೆಂಗಸು ನಮ್ಮವಳು.

ಅವಳ ಹೆಸರು ರೋಸ್ ಕೆಲ್ಲರ್. ವಯಸ್ಸು ಮೂವತ್ತಾರರ ಆಸುಪಾಸು. ವಿಧವೆ. ಹತ್ತಿ ನೂಲುವ ಕೆಲಸದವಳು. ಕೆಲಸ ಹೋಗಿ ತಿಂಗಳಾಗಿತ್ತು. ಏಪ್ರಿಲ್ 3, ಈಸ್ಟರ್ ಭಾನುವಾರ. ಹಬ್ಬದ ದಿನ ಪ್ಯಾರಿಸ್ಸಿನ ಒಂದು ಚೌಕದಲ್ಲಿ ಬೇಡುತ್ತಾ ನಿಂತಿದ್ದಳು. ಮನೆಗೆಲಸ ಕೊಡುತ್ತೇನೆ ಬಾ ಎಂದು ಸಾದ್ ಅವಳನ್ನು ಗಾಡಿಯಲ್ಲಿ ಕೂರಿಸಿಕೊಂಡು ಆರ್ಕಯ್ ಎಂಬ ಹಳ್ಳಿಯಲ್ಲಿದ್ದ ತನ್ನ ಮನೆಗೆ ಕರೆದೊಯ್ದ. ಬಾಗಿಲು ಹಾಕಿದ. ಬಟ್ಟೆ ಬಿಚ್ಚಿಸಿ ಚಾವಟಿಯಿಂದ ಹೊಡೆದ. ಅವನು ಅತ್ತ ಹೋದಾಗ ರೋಸ್ ಹಾಸಿಗೆಯ ಬಟ್ಟೆಗಳನ್ನು ಗಂಟುಹಾಕಿ ಕಿಟಕಿಯಿಂದ ಇಳಿದು, ತೋಟದ ಗೋಡೆ ಹಾರಿ ಬೀದಿಗೆ ಬಂದಳು. ಅಲ್ಲಿ ಅವಳನ್ನು ಮೊದಲು ಸುತ್ತುಗಟ್ಟಿದವರು ಊರ ಹೆಂಗಸರು. ಗಾಯ ನೋಡಿದರು, ಆಸರೆ ಕೊಟ್ಟರು, ದೂರು ದಾಖಲಾಗುವಂತೆ ಮಾಡಿದರು. ವೈದ್ಯ ಬಂದು ಗಾಯ ಪರೀಕ್ಷಿಸಿ ವರದಿ ಕೊಟ್ಟ. ಅವಳು ನಡೆದದ್ದನ್ನು ಒಂದೊಂದಾಗಿ ಹೇಳಿದಳು, ಬರೆದುಕೊಂಡರು. ಆ ಹೇಳಿಕೆ ಇರುವುದರಿಂದಲೇ ಇಷ್ಟು ವರ್ಷದ ಮೇಲೆ ನಾನಿದನ್ನು ನಿಮಗೆ ಹೇಳಲು ಆಗುತ್ತಿದೆ.

ಮುಂದೇನಾಯಿತು? ರಾಜಿ! ಎಲ್ಲ ಕಾಲಕ್ಕೂ ಇರುವ ರಾಜಿ. ದುಡ್ಡು ಕೊಟ್ಟು ರೋಸ್‌ಳ ದೂರನ್ನು ವಾಪಸು ತೆಗೆಸಿದರು, 2,400 ಲೀವರ್ ಮತ್ತು ಔಷಧದ ಖರ್ಚು. ಓಡಾಡಿ ರಾಜಿ ಮಾಡಿಸಿದವರು ಯಾರು ಗೊತ್ತೇ? ಹೆಂಡತಿಯ ತವರಿನವರು. ಮಗಳ ಮರ್ಯಾದೆ ಉಳಿಯಬೇಕಲ್ಲ. ವರದಕ್ಷಿಣೆ ಕೊಟ್ಟವರೇ ಅಳಿಯನ ತಪ್ಪಿಗೂ ದಂಡ ಕಟ್ಟಬೇಕು. ಅವನು ಏಳು ತಿಂಗಳು ಕೋಟೆಯಲ್ಲಿದ್ದು ಹೊರಗೆ ಬಂದ. 1772ರಲ್ಲಿ ಮಾರ್ಸೇಲ್ ಪಟ್ಟಣದಲ್ಲಿ ಮತ್ತೆ ನಾಲ್ಕೈದು ಹೆಣ್ಣುಗಳ ಮೇಲೆ ಕೈಮಾಡಿದ. ಅಲ್ಲಿಂದ ಓಡಿಹೋದ. 1777ರಿಂದ 1790ರವರೆಗೆ ಅವನನ್ನು ಸೆರೆಯಲ್ಲಿಡಿಸಿದವಳು ಅತ್ತೆಯೇ, ಅರಸನ ಆಜ್ಞೆ ತಂದು. ಅಷ್ಟೂ ವರ್ಷ ಹೆಂಡತಿ ಸೆರೆಮನೆಗೆ ಊಟ, ಬಟ್ಟೆ, ಪುಸ್ತಕ ಹೊತ್ತಳು, ಅವನಿಂದ ಬೈಗುಳ ತಿಂದಳು. 1790ರಲ್ಲಿ ಅವನು ಹೊರಗೆ ಬಂದಾಗ ಬಾಗಿಲು ತೆಗೆಯಲಿಲ್ಲ. ನ್ಯಾಯಾಲಯಕ್ಕೆ ಹೋಗಿ ಬೇರೆಯಾದಳು. ಅವಳ ವರದಕ್ಷಿಣೆ ಹಿಂದಕ್ಕೆ ಕೊಡಬೇಕೆಂದು ನ್ಯಾಯಾಲಯ ಹೇಳಿತು.

1790ರ ಫ್ರಾನ್ಸಿನಲ್ಲಿ ಹೆಂಡತಿಗೆ ಅಷ್ಟಾದರೂ ತಿಳಿದಿತ್ತು, ಅದು ತನ್ನ ಹಣ ಎಂದು. ನಮ್ಮ 1961ರ ವರದಕ್ಷಿಣೆ ನಿಷೇಧ ಕಾಯ್ದೆಯ ಆರನೆಯ ಕಲಂ ಅದನ್ನೇ ಹೇಳುತ್ತದೆ. ಯಾರೇ ವರದಕ್ಷಿಣೆ ಪಡೆದಿರಲಿ, ಮದುವೆಗೆ ಮುಂಚೆ ಪಡೆದಿದ್ದರೆ ಮದುವೆಯಾದ ಮೂರು ತಿಂಗಳೊಳಗೆ ಅದನ್ನು ಆ ಹೆಣ್ಣಿನ ಹೆಸರಿಗೆ ಮಾಡಬೇಕು. ಕೊಡದಿದ್ದರೆ ಶಿಕ್ಷೆ. ನಮ್ಮ ನಾಲ್ಕು ತಾಲ್ಲೂಕಿನ ಸಂಘಗಳಲ್ಲಿ ಈ ಕಲಂ ಗೊತ್ತಿರುವವರು ಎಷ್ಟು ಜನ, ಕೈಯೆತ್ತಿ ನೋಡೋಣ.

ಇನ್ನು ಪದದ ಹುಟ್ಟು. 1834ರ ಹೊತ್ತಿಗೆ ಫ್ರೆಂಚ್ ನಿಘಂಟೊಂದರಲ್ಲಿ ಅವನ ಮನೆತನದ ಹೆಸರಿಗೆ ಬಾಲ ಹಚ್ಚಿ ಮಾಡಿದ ಪದ ಬಂತು. ಆಮೇಲೆ ಕ್ರಾಫ್ಟ್ ಎಬಿಂಗ್ ಎಂಬ ಆಸ್ಟ್ರಿಯಾದ ಮನೋವೈದ್ಯ 1890ರ ಸುಮಾರಿಗೆ ಅದನ್ನು ರೋಗದ ಹೆಸರಾಗಿ ತನ್ನ ಪುಸ್ತಕಕ್ಕೆ ಸೇರಿಸಿದ. ಆ ಪುಸ್ತಕ ಅನುವಾದವಾಗುತ್ತಿದ್ದಂತೆ ಪದ ಇಂಗ್ಲಿಷಿಗೆ ಬಂತು. ಅಲ್ಲಿಂದ ಕೋರ್ಟಿಗೆ, ಸಿನಿಮಾಕ್ಕೆ, ಪತ್ರಿಕೆಗೆ, ಕೊನೆಗೆ ನನ್ನ ಅರ್ಜಿಯ ಮೂರನೆಯ ಸಾಲಿಗೆ. ಈ ಪ್ರಯಾಣದಲ್ಲಿ ರೋಸ್ ಕೆಲ್ಲರ್ ಎಲ್ಲಿ ಬಿದ್ದುಹೋದಳು? ಅವಳ ಬೆನ್ನ ಮೇಲಿನ ಗಾಯ, ಕೆಲಸ ಕೊಡುತ್ತೇನೆಂಬ ಸುಳ್ಳು, ಬಾಯಿ ಮುಚ್ಚಿಸಿದ ಹಣ, ಇವುಗಳಿಗೆ ಯಾವ ವಿಶೇಷಣವೂ ಹುಟ್ಟಲಿಲ್ಲ. ಹೊಡೆದವನು ವೈದ್ಯಶಾಸ್ತ್ರಕ್ಕೆ ಸೇರಿದ, ಹೊಡೆಸಿಕೊಂಡವಳು ಕಡತಕ್ಕೆ ಸೇರಿದಳು.

ಅದೇ ವೈದ್ಯ ಇನ್ನೊಂದು ಪದವನ್ನೂ ಮಾಡಿದ. ಸಾಖರ್ ಮಾಸೋಖ್ ಎಂಬ ಲೇಖಕನ ಮನೆತನದ ಹೆಸರಿನಿಂದ ಮಾಸೋಕಿಸ್ಟ್, ಅಂದರೆ ನೋವುಣ್ಣುವುದರಲ್ಲಿ ಸುಖ ಪಡುವವರು. ಆ ಲೇಖಕನೂ ಗಂಡಸೇ. ಪದ ಮಾತ್ರ ಬಂದು ಬಿದ್ದದ್ದು ಹೆಂಗಸರ ತಲೆಯ ಮೇಲೆ. 1964ರಲ್ಲಿ ಅಮೆರಿಕದ ಮ್ಯಾಸಚೂಸೆಟ್ಸ್‌ನಲ್ಲಿ ಮೂವರು ಮನೋವೈದ್ಯರು ಒಂದು ಲೇಖನ ಪ್ರಕಟಿಸಿದರು. ಹೆಂಡತಿಯನ್ನು ಹೊಡೆದ ಆರೋಪದ ಮೇಲೆ 37 ಗಂಡಸರು ಅವರ ಬಳಿ ಬಂದಿದ್ದರು. ವೈದ್ಯರು ಕೂರಿಸಿ ಪರೀಕ್ಷಿಸಿದ್ದು ಹೆಂಡತಿಯರನ್ನು! ಲೇಖನದ ಹೆಸರೇ 'ಹೊಡೆಯುವವನ ಹೆಂಡತಿ' ಎಂಬರ್ಥದ್ದು. ಗಂಡನ ಏಟಿನಿಂದ ಹೆಂಡತಿಯ ಒಳಗಿನ ಯಾವುದೋ ಬಯಕೆ ತೀರುತ್ತದೆ, ಅವಳು ಮಾಸೋಕಿಸ್ಟ್ ಎಂದು ತೀರ್ಪು ಕೊಟ್ಟರು. "ಎರಡು ಕೈ ಸೇರದೆ ಚಪ್ಪಾಳೆ ಆಗುತ್ತದೇನಮ್ಮ" ಎಂದು ನಮ್ಮ ಪಂಚಾಯಿತಿ ಕಟ್ಟೆಯ ಯಜಮಾನರು ಕೇಳುತ್ತಾರಲ್ಲ, ಅದನ್ನೇ ಬಿಳಿ ಕೋಟು ಹಾಕಿಕೊಂಡು ಹೇಳಿದ್ದು, ಅಷ್ಟೇ.

ಒಂದು ಪದವನ್ನು ಒಪ್ಪಿದರೆ ಜೋಡಿಯಾಗಿ ಇನ್ನೊಂದು ಬರುತ್ತದೆ ಎಂಬುದನ್ನು ಅಮೆರಿಕದ ಹೆಂಗಸರು ನಮಗಿಂತ ಮುಂಚೆ ಕಂಡುಕೊಂಡರು. 1980ರ ದಶಕದಲ್ಲಿ ಅಲ್ಲಿನ ಮನೋವೈದ್ಯರ ಸಂಘ ತನ್ನ ರೋಗಗಳ ಪಟ್ಟಿಗೆ ಮಾಸೋಕಿಸ್ಟ್ ಸ್ವಭಾವವನ್ನು ಒಂದು ರೋಗವಾಗಿ ಸೇರಿಸಲು ಹೊರಟಿತು. ಏಟು ತಿಂದೂ ಮನೆ ಬಿಡದ ಹೆಣ್ಣನ್ನೆಲ್ಲ ರೋಗಿ ಮಾಡುತ್ತೀರಾ ಎಂದು ಹೆಂಗಸರು ಬೀದಿಗಿಳಿದರು. ಸಂಘದವರು ಹೆಸರು ಬದಲಿಸಿದರು, ಸಮತೋಲನಕ್ಕೆ ಎಂಬಂತೆ ಸ್ಯಾಡಿಸ್ಟ್ ಸ್ವಭಾವವನ್ನೂ ಪಕ್ಕದಲ್ಲಿಟ್ಟರು. 1987ರ ಪಟ್ಟಿಯ ಅನುಬಂಧದಲ್ಲಿ ಎರಡೂ ಬಂದವು. ಆಗಲೂ ಹೋರಾಟ ನಿಲ್ಲಲಿಲ್ಲ. ಹೊಡೆಯುವವನಿಗೆ ರೋಗದ ಚೀಟಿ ಕೊಟ್ಟರೆ ಅವನು ಅದನ್ನು ಹಿಡಿದುಕೊಂಡು ಕೋರ್ಟಿನಿಂದ ಹೊರಗೆ ನಡೆಯುತ್ತಾನೆ ಎಂಬುದು ಅವರ ವಾದ. 1994ರ ಪಟ್ಟಿಯಿಂದ ಎರಡನ್ನೂ ತೆಗೆದುಹಾಕಿದರು. ವೈದ್ಯರೇ ತಮ್ಮ ಪಟ್ಟಿಯಿಂದ ಕಿತ್ತುಹಾಕಿದ ಪದವನ್ನು ನಾವು ಅರ್ಜಿಯಲ್ಲಿ ಬರೆದುಕೊಂಡು ಠಾಣೆಗೆ ಹೋಗುತ್ತಿದ್ದೇವೆ.

"ಹಾಗಾದರೆ ನಿಜವಾಗಿ ಹಾಗಿರುವವರು ಇಲ್ಲವೇ?" ಎಂದು ಕನಕಪುರದ ಗೆಳತಿಯೊಬ್ಬಳು ಕೇಳಿದಳು. ನ್ಯಾಯವಾದ ಪ್ರಶ್ನೆ. ಇರಬಹುದು, ಇಲ್ಲವೆನ್ನುವುದಿಲ್ಲ. ಆದರೆ ನಮ್ಮ ಮುಂದೆ ಬಂದ ಗಂಡಸರನ್ನು ಒಬ್ಬೊಬ್ಬನನ್ನಾಗಿ ನೆನಪು ಮಾಡಿಕೊಳ್ಳಿ. ಗೂಡಿನ ಮಾರುಕಟ್ಟೆಯಲ್ಲಿ ಹರಾಜಿನಲ್ಲಿ ರೇಟು ಬೀಳಿಸಿದ ರೀಲರ್ ಮೇಲೆ ಅವನು ಕೈ ಮಾಡಿದನೇ? ಕ್ವಾರಿಯಲ್ಲಿ ಕೂಲಿ ಹಿಡಿದ ಮೇಸ್ತ್ರಿಗೆ ಹೊಡೆದನೇ? ಚನ್ನಪಟ್ಟಣದ ಬೊಂಬೆ ಕಾರ್ಖಾನೆಯಲ್ಲಿ ಲೇತಿನ ಮುಂದೆ ಕೂತವನ ಕೈ ಒಂದು ಎಳೆಯಷ್ಟೂ ಅಲುಗುವುದಿಲ್ಲ, ಅರಗಿನ ಬಣ್ಣ ಗೆರೆ ತಪ್ಪುವುದಿಲ್ಲ. ಅದೇ ಕೈ ಸಂಜೆ ಮನೆಯಲ್ಲಿ ಮಾತ್ರ ಹತೋಟಿ ತಪ್ಪುತ್ತದೆಯೇ? ತಪ್ಪಿದರೂ ಸೀರೆ ರವಿಕೆ ಮುಚ್ಚುವ ಜಾಗಕ್ಕೇ ಏಟು ಬೀಳುತ್ತದಲ್ಲ, ಅದು ಹೇಗೆ? ಮಾವ ದುಡ್ಡು ತಂದ ವಾರ ರೋಗ ವಾಸಿಯಾಗಿ, ಖರ್ಚಾದ ವಾರ ಮರುಕಳಿಸುತ್ತದಲ್ಲ, ಇದೆಂಥ ರೋಗ? ನಿಜವಾಗಿ ಬುದ್ಧಿ ಸ್ವಾಧೀನವಿಲ್ಲದೆ ತಾನೇನು ಮಾಡುತ್ತಿದ್ದೇನೆಂಬುದೇ ತಿಳಿಯದವನಿಗೆ ಕಾನೂನಿನಲ್ಲಿ ಬೇರೆ ರಕ್ಷಣೆ ಇದೆ. ಅದನ್ನು ಸಾಬೀತು ಮಾಡುವ ಹೊಣೆ ಅವನ ವಕೀಲನದು. ಹೊಡೆಸಿಕೊಂಡವಳೇ ಅದನ್ನು ಅವನಿಗೆ ಬರೆದುಕೊಡಬೇಕೇ?

ಇನ್ನೊಂದು ಮಾತು. ಕೆಟ್ಟ ಗಂಡಸು ಹೇಗಿರುತ್ತಾನೆ ಎಂದು ಇಡೀ ದೇಶಕ್ಕೆ ತೋರಿಸಿಕೊಟ್ಟದ್ದು ನಮ್ಮದೇ ಬೆಟ್ಟ. 1975ರಲ್ಲಿ ಬಂದ ಶೋಲೆ ಸಿನಿಮಾವನ್ನು ರಾಮದೇವರ ಬೆಟ್ಟದ ಬುಡದಲ್ಲಿ ತೆಗೆದರು. ಗಬ್ಬರ್ ಸಿಂಗ್‌ನ ಗಡ್ಡ, ಕೊಳಕು ಹಲ್ಲು, ಕಲ್ಲು ನಡುಗಿಸುವ ನಗು. ಸಿನಿಮಾ ನೋಡಿದವರಿಗೆ ಕ್ರೂರಿ ಅಂದರೆ ಅಂಥವನು. ಈಗಿನ ಹುಡುಗರು 'ಸೈಕೋ' ಅನ್ನುತ್ತಾರೆ, ಪತ್ರಿಕೆಯವರು 'ವಿಕೃತ ಪತಿ' ಎಂದು ದಪ್ಪಕ್ಷರದಲ್ಲಿ ಹಾಕುತ್ತಾರೆ. ಹೀಗಾಗಿ ನಮ್ಮ ಹೆಣ್ಣುಮಕ್ಕಳು ಏಟು ತಿಂದು ಬಂದು, "ಅವ್ರೇನೂ ಅಂಥೋರಲ್ಲ ಅಕ್ಕ, ಒಳ್ಳೇರೇ. ದುಡ್ಡಿನ ವಿಷ್ಯ ಬಂದಾಗ ಮಾತ್ರ" ಅನ್ನುತ್ತಾರೆ. ಆ 'ಮಾತ್ರ' ಅನ್ನುವುದೇ ವರದಕ್ಷಿಣೆ. ಮಲ್ಲಿಗೆ ಹೂ ತರುವವನು, ಸಂಘದ ಕಂತಿನ ದಿನ ನೆನಪು ಮಾಡುವವನು, ಬೀದಿಯಲ್ಲಿ ಎಲ್ಲರಿಗೂ ನಮಸ್ಕಾರ ಹೇಳುವವನು ಹೊಡೆದರೆ ಅದು ಹಿಂಸೆಯ ಲೆಕ್ಕಕ್ಕೇ ಬರುವುದಿಲ್ಲ, ಏಕೆಂದರೆ ಅವನು ಗಬ್ಬರ್ ಅಲ್ಲ. ವಿಕೃತ ಎಂಬ ಪಟ್ಟ ಹತ್ತು ಜನರಿಗೆ ಕಟ್ಟಿ ಉಳಿದವರನ್ನೆಲ್ಲ ಸಜ್ಜನರನ್ನಾಗಿ ಮಾಡಿಬಿಡುತ್ತೇವೆ.

ಹಿಂದೆ ಇನ್ನೊಂದು ಮಾತು ಇದೇ ಕೆಲಸ ಮಾಡುತ್ತಿತ್ತು. ಸ್ಟೌ ಸಿಡಿತ. 1990ರ ದಶಕದಲ್ಲಿ ಬೆಂಗಳೂರಿನ ಆಸ್ಪತ್ರೆಗಳಿಗೆ ಸುಟ್ಟುಕೊಂಡು ಬಂದ ಸೊಸೆಯಂದಿರ ಕಡತಗಳನ್ನು ವಿಮೋಚನಾ ಸಂಘಟನೆಯ ಹೆಂಗಸರು ಒಂದೊಂದಾಗಿ ತೆಗೆದು ಓದಿದರು. ಸ್ಟೌ ಸಿಡಿದು ಸತ್ತಳು, ಅಡುಗೆ ಮಾಡುವಾಗ ಅಪಘಾತ, ಕಡತ ಮುಕ್ತಾಯ. ಎಷ್ಟೋ ಸಾವುಗಳು ಎರಡು ಪದದಲ್ಲಿ ಮುಗಿದಿದ್ದವು. ಸೊಸೆ ಹಚ್ಚಿದರೆ ಮಾತ್ರ ಸಿಡಿಯುವ, ಅತ್ತೆ ನಾದಿನಿ ಹಚ್ಚಿದರೆ ಸಿಡಿಯದ ಸ್ಟೌ ಯಾವ ಕಂಪನಿಯದು ಎಂದು ಆಗ ಕೇಳುತ್ತಿದ್ದೆವು. ಸೀಮೆಎಣ್ಣೆ ಸ್ಟೌ ಹೋಗಿ ಗ್ಯಾಸ್ ಬಂತು. ಮುಚ್ಚಿಡುವ ಪದಗಳೂ ಹೊಸದಾದವು.

ಕಾನೂನು ಏನನ್ನುತ್ತದೆ? 1983ರಲ್ಲಿ, ದೇಶದ ತುಂಬ ಹೆಂಗಸರು ಬೀದಿಗಿಳಿದ ಮೇಲೆ, ದಂಡ ಸಂಹಿತೆಗೆ 498-ಎ ಕಲಂ ಬಂತು. 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆಯಲ್ಲಿ ಅದು 85 ಮತ್ತು 86ನೆಯ ಕಲಂ. ಅಲ್ಲಿರುವ ಪದ 'ಕ್ರೌರ್ಯ'. ಹೆಣ್ಣನ್ನು ಆತ್ಮಹತ್ಯೆಗೆ ದೂಡುವಂಥ, ಅವಳ ಜೀವಕ್ಕೆ, ಅಂಗಕ್ಕೆ, ದೇಹದ ಅಥವಾ ಮನಸ್ಸಿನ ಆರೋಗ್ಯಕ್ಕೆ ಭಾರಿ ಹಾನಿಯಾಗುವಂಥ ಉದ್ದೇಶಪೂರ್ವಕ ನಡತೆ ಒಂದು. ಅವಳಿಂದಲೋ ಅವಳ ತವರಿನವರಿಂದಲೋ ಹಣ, ಆಸ್ತಿ ಕೀಳಲು ಕೊಡುವ ಕಿರುಕುಳ ಇನ್ನೊಂದು. ಹೊಡೆಯುವಾಗ ಅವನಿಗೆ ಸುಖ ಆಯಿತೇ, ದುಃಖ ಆಯಿತೇ ಎಂದು ಕಾನೂನು ಎಲ್ಲಿಯೂ ಕೇಳುವುದಿಲ್ಲ. ಶೋಭಾರಾಣಿ ಮತ್ತು ಮಧುಕರ ರೆಡ್ಡಿ ಎಂಬ ವಿಚ್ಛೇದನದ ಪ್ರಕರಣದಲ್ಲಿ, 1988ರಲ್ಲಿ ವರದಿಯಾದ ತೀರ್ಪಿನಲ್ಲಿ, ಸುಪ್ರೀಂ ಕೋರ್ಟ್ ಇನ್ನೂ ಸ್ಪಷ್ಟವಾಗಿ ಹೇಳಿತು. ವರದಕ್ಷಿಣೆಗಾಗಿ ಪೀಡಿಸುವುದೇ ಕ್ರೌರ್ಯ, ನೋಯಿಸಬೇಕೆಂಬ ಉದ್ದೇಶವನ್ನು ಹೆಂಡತಿ ಸಾಬೀತು ಮಾಡಬೇಕಾಗಿಲ್ಲ. 2005ರ ಕೌಟುಂಬಿಕ ಹಿಂಸೆ ಕಾಯ್ದೆಯಂತೂ ದುಡಿದ ಹಣ ಕಿತ್ತುಕೊಳ್ಳುವುದನ್ನೂ, ಖರ್ಚಿಗೆ ಕೊಡದಿರುವುದನ್ನೂ ಹಿಂಸೆ ಎಂದೇ ಬರೆದಿದೆ. ಅದರಲ್ಲಿ ಸಂರಕ್ಷಣಾಧಿಕಾರಿ ನಮಗೆ ಗೊತ್ತಿರುವವರೇ, ಅಂಗನವಾಡಿ ನೋಡಿಕೊಳ್ಳುವ ಸಿಡಿಪಿಒ. ಕನ್ನಡದ ಕ್ರೌರ್ಯ, ಕಿರುಕುಳ, ಹಿಂಸೆ ಎಂಬ ಪದಗಳಿಗೆ ಕೋರ್ಟಿನಲ್ಲಿ ಇಷ್ಟು ಬೆಲೆ ಇರುವಾಗ, ಆ ಫ್ರೆಂಚ್ ಜಹಗೀರುದಾರನ ಹೆಸರು ಹೊತ್ತುಕೊಂಡು ನಾವೇಕೆ ಹೋಗಬೇಕು?

ಗಂಡಸರ ಸಂಘಗಳು ಮಾತ್ರ ಇಂಗ್ಲಿಷ್ ಪದಗಳನ್ನು ಬಹಳ ಜಾಣತನದಿಂದ ಬಳಸುತ್ತವೆ. ಈ ಕಾನೂನು 'ಡ್ರೇಕೋನಿಯನ್' ಅಂತೆ. ಅದೂ ಒಬ್ಬ ಗಂಡಸಿನ ಹೆಸರೇ. 2,600 ವರ್ಷದ ಹಿಂದೆ ಅಥೆನ್ಸ್‌ನಲ್ಲಿ ಸಣ್ಣ ಕಳ್ಳತನಕ್ಕೂ ಮರಣದಂಡನೆ ಇಟ್ಟಿದ್ದನೆಂದು ಹೇಳುವ ಡ್ರೇಕೋ. ನಮ್ಮ ಕಲಮಿನಲ್ಲಿ ಅತಿ ಹೆಚ್ಚೆಂದರೆ ಮೂರು ವರ್ಷ ಶಿಕ್ಷೆ, ಅದೂ ಸಾಬೀತಾದರೆ. ಇದಕ್ಕೆ ಡ್ರೇಕೋನ ಹೆಸರು!

ನಮ್ಮ ಕೈಯಲ್ಲಿರುವ ಅಸ್ತ್ರ ಲೆಕ್ಕ. ಹತ್ತು ರೂಪಾಯಿ ಉಳಿತಾಯಕ್ಕೂ ಪುಸ್ತಕ ಬರೆದವರು ನಾವು. ಯಾರು ಯಾವ ವಾರ ಕಂತು ತಪ್ಪಿಸಿದರು, ಬಡ್ಡಿ ಎಷ್ಟಾಯಿತು ಎಂದು ನಿರ್ಣಯ ಪುಸ್ತಕ ನೋಡದೆ ಹೇಳುತ್ತೇವೆ. ಹಾಗಿದ್ದ ಮೇಲೆ ಯಾವ ತಾರೀಖು ಏನು ಕೇಳಿದ, ಯಾರ ಮುಂದೆ ಕೇಳಿದ, ತವರಿನಿಂದ ಎಷ್ಟು ತಂದೆ, ಫೋನ್‌ಪೇನಲ್ಲಿ ಹೋಯಿತೋ ಕೈಯಲ್ಲಿ ಕೊಟ್ಟೆಯೋ, ಯಾವುದರಿಂದ ಹೊಡೆದ, ಯಾವ ಆಸ್ಪತ್ರೆಯಲ್ಲಿ ಹೊಲಿಗೆ ಹಾಕಿಸಿದೆ ಎಂದು ಬರೆಯಲು ನಮಗೇನು ಕಷ್ಟ? ಇದರಲ್ಲಿ ನಮಗೊಂದು ಮುಜುಗರದ ವಿಷಯವೂ ಇದೆ, ಹೇಳಿಯೇಬಿಡುತ್ತೇನೆ. ಮನೆ ರಿಪೇರಿ, ಹಸು ಖರೀದಿ ಎಂದು ಬರೆದು ನಮ್ಮ ಸಂಘಗಳಿಂದಲೇ ಎತ್ತಿದ ಸಾಲ ಎಷ್ಟೋ ಸಲ ಅಳಿಯನ ಬೈಕಾಗಿದೆ. ನಮಗೆಲ್ಲ ಗೊತ್ತಿದ್ದೂ ಸಹಿ ಹಾಕಿದ್ದೇವೆ. ಹಸು ಬರಲಿಲ್ಲವೇಕೆ ಎಂದು ಯಾರೂ ಕೇಳಲಿಲ್ಲ. ಬಿಡಿ, ಅದನ್ನು ಇನ್ನೊಂದು ಸಂಚಿಕೆಯಲ್ಲಿ ಜಗಳವಾಡೋಣ.

ಆ ಹೆಣ್ಣುಮಗಳಿಗೆ ಎರಡನೆಯ ಅರ್ಜಿ ಬರೆದೆವು. ಈ ಸಲ ಪೆನ್ನು ನನ್ನ ಕೈಯಲ್ಲಿತ್ತು, ಮಾತು ಅವಳದು. ಅವಳು ಹೇಳಿದ ಹಾಗೆಯೇ, ಒಂದು ಪದ ಮೇಲೆ ಕೆಳಗೆ ಮಾಡದೆ ಬರೆದೆ. ಚಿನ್ನದ ಅಂಗಡಿಯ ರಸೀದಿ ಅವಳ ಅಮ್ಮನ ಟ್ರಂಕಿನಲ್ಲಿ ಸಿಕ್ಕಿತು. ಬೈಕಿನ ಮುಂಗಡ ಕಟ್ಟಿದ್ದು ಅಣ್ಣನ ಖಾತೆಯಿಂದ, ಪಾಸ್‌ಬುಕ್ಕಿನಲ್ಲಿತ್ತು. ಸೈಟಿನ ಮಾತು ನಡೆದ ದಿನ ಮನೆಗೆ ಬಂದಿದ್ದ ಸೋದರಮಾವ ಹೇಳಿಕೆ ಕೊಡಲು ಒಪ್ಪಿದರು. ಆಸ್ಪತ್ರೆಯ ಚೀಟಿಗಳು ಮೂರು. ಒಟ್ಟು ನಾಲ್ಕು ಪುಟ ಆಯಿತು. ಅದೇ ಠಾಣೆ, ಅದೇ ಸಾಹೇಬರು. ಈ ಸಲ ನಗಲಿಲ್ಲ. ಎರಡು ಪುಟ ಓದಿ ರೈಟರನ್ನು ಕರೆದು, "ಎಫ್ಐಆರ್ ಹಾಕ್ರಿ" ಅಂದರು. ಮೊದಲ ಅರ್ಜಿಯ ಹಿಂಬರಹವನ್ನು ಎದುರು ಪಕ್ಷದ ವಕೀಲರು ಈಗಾಗಲೇ ಕೋರ್ಟಿಗೆ ಹಾಜರುಪಡಿಸಿದ್ದಾರೆ, ಗಂಡನಿಗೆ ಮಾನಸಿಕ ತೊಂದರೆ ಎಂದು ಹೆಂಡತಿಯೇ ಬರೆದುಕೊಟ್ಟಿದ್ದಾಳೆಂದು. ನಾನು ಬರೆದ ಆ ಸಾಲಿಗೆ ಮುಂದಿನ ತಾರೀಖಿನಂದು ಅವಳು ಕಟಕಟೆಯಲ್ಲಿ ನಿಂತು ಉತ್ತರ ಹೇಳಬೇಕು. ಸಂಘದಿಂದ ಆರು ಜನ ಜೊತೆಗೆ ಹೋಗುತ್ತಿದ್ದೇವೆ.